ನೀರಿದ್ದರೆ ಹೇಳು

ಒಂದೊಂದು ಹಬ್ಬಕ್ಕೂ ಒಂದೊಂದು ದೇವರು. ದೀಪಾವಳಿಗೆ ಮುಂಚೆ ಬರುವ ನೀರು ತುಂಬುವ ಹಬ್ಬಕ್ಕೆ ಮಾತ್ರ ಬಚ್ಚಲುಮನೆಯ ಹಂಡೆಯೇ ದೇವರು. ಹುಣಸೆಹಣ್ಣು ಹಾಕಿ ಉಜ್ಜಿ, ಕೊರಳಿಗೆ ಸುಣ್ಣದ ಪಟ್ಟೆ ಬಳಿದು, ಚೆಂಡುಹೂವಿನ ಸರ ಹಾಕಿ, ಹೊಸ ನೀರು ತುಂಬಿ ಕೈಮುಗಿದರೆ ಮುಗಿಯಿತು. ವರ್ಷವೆಲ್ಲ ಹೊಗೆ ಕುಡಿದುಕೊಂಡು ಮೂಲೆಯಲ್ಲಿ ಕೂತಿದ್ದಕ್ಕೆ ಅದಕ್ಕೊಂದು ದಿನದ ಮರ್ಯಾದೆ. ದಿಬ್ಬೂರಹಳ್ಳಿಯ ರಾಮಾಂಜಿನಪ್ಪ ಈ ಹಬ್ಬವನ್ನು ಈ ಸಲ ಒಂದು ತಿಂಗಳು ಮೊದಲೇ ಶುರು ಮಾಡಿಬಿಟ್ಟ.

ಕಾರಣ, ಅವನ ಅಕ್ಕ ಕೊಂಡಮ್ಮ ಫೋನು ಮಾಡಿದ್ದಳು. ಮಂಡಿಕಲ್ಲಿಗೆ ಕೊಟ್ಟಿದ್ದ ಅಕ್ಕ. ಆರು ವರ್ಷದಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ.

"ನಂಗೆ ಎಪ್ಪತ್ತು ತುಂಬ್ತು ಕಣೋ ರಾಮಾಂಜಿ. ತವರಿನ ನೋಮಿನ ದಾರ ಇನ್ನೊಂದು ಸಲ ಕಟ್ಟಿಸ್ಕೊಬೇಕು ಅಂತ ಆಸೆ," ಎಂದಳು. ಆಮೇಲೆ, "ನೀಳ್ಳುಂಟೇ ಚೆಪ್ಪು. ವಸ್ತಾನು," ಎಂದು ಫೋನು ಇಟ್ಟಳು.

ನೀರಿದ್ದರೆ ಹೇಳು, ಬರುತ್ತೇನೆ. ಕೊಂಡಮ್ಮನಿಗೆ ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದಾಗ ತೆಲುಗು. ಆರು ವರ್ಷವಾದರೂ ತೆಲುಗು ಇನ್ನೂ ಇಳಿದಿಲ್ಲ ಎಂಬುದು ತಮ್ಮನಿಗೆ ತಿಳಿಯಿತು.

ಆ ಮನೆಯಲ್ಲಿ ದೀಪಾವಳಿ ಅಮಾವಾಸ್ಯೆಗೆ ಕೇದಾರೇಶ್ವರನ ನೋಮು, ಅಂದರೆ ವ್ರತ, ಅಜ್ಜನ ಕಾಲದಿಂದ ನಡೆದು ಬಂದದ್ದು. ಬೆಳಗ್ಗೆ ಎಲ್ಲರಿಗೂ ಎಣ್ಣೆಸ್ನಾನ. ಹಗಲೆಲ್ಲ ಉಪವಾಸ. ಸಂಜೆ ಕಲಶದ ಮುಂದೆ ಇಪ್ಪತ್ತೊಂದು ಕಜ್ಜಾಯ ಇಟ್ಟು, ಕಥೆ ಕೇಳಿ, ಕೈಗೆ ದಾರ ಕಟ್ಟಿಸಿಕೊಂಡ ಮೇಲೆಯೇ ಬಾಯಿಗೆ ಅನ್ನ. ಆರು ವರ್ಷದ ಹಿಂದಿನ ನೋಮಿಗೆ ಮನೆ ತುಂಬ ನೆಂಟರಿದ್ದರು. ಹಿಂದಿನ ಸಂಜೆ ರಾಮಾಂಜಿನಪ್ಪನ ಹೆಂಡತಿ ಅಮ್ಮಾಜಮ್ಮ ಕಜ್ಜಾಯದ ಪಾಕ ತಿರುವುತ್ತಿದ್ದಾಗ ಕೊಂಡಮ್ಮ ಬಾಗಿಲಲ್ಲಿ ನಿಂತು, "ಪಾಕ ಮೀರಿತಮ್ಮ. ಇದನ್ನ ಕಲ್ಲಿಗೆ ಹೊಡೆದ್ರೆ ಕಲ್ಲು ಒಡೀತದೆ," ಎಂದಿದ್ದಳು. ದೇವರಿಗೆ ಇಡುವ ಮೊದಲು ರುಚಿ ನೋಡುವಂತಿಲ್ಲವಾದ್ದರಿಂದ ಪಾಕ ಮೀರಿತ್ತೋ ಇಲ್ಲವೋ ಎಂಬುದು ಅಲ್ಲಿಗೇ ನಿಂತಿತು. ಮಾತು ನಿಲ್ಲಲಿಲ್ಲ.

ಮಾರನೆಯ ಬೆಳಗ್ಗೆ ಹನ್ನೆರಡು ಜನ ಮಿಂದಾದ ಮೇಲೆ ಕೊಂಡಮ್ಮ ಬಚ್ಚಲಿಗೆ ಹೋದಳು. ತಲೆ ತುಂಬ ಹರಳೆಣ್ಣೆ, ಅದರ ಮೇಲೆ ಸೀಗೆಪುಡಿ. ಉಜ್ಜಿ, ಕಣ್ಣು ಮುಚ್ಚಿಕೊಂಡು, ಕೈ ಚಾಚಿ ನಲ್ಲಿ ತಿರುಗಿಸಿದಾಗ ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಹಂಡೆಯಲ್ಲೂ ತಳದ ನೀರಷ್ಟೇ ಇತ್ತು. ಪಕ್ಕದ ಮನೆಯ ಮುನಿಗಂಗಪ್ಪನ ಕಡೆಯಿಂದ ಎರಡು ಬಿಂದಿಗೆ ನೀರು ಬಂತು. ಕೊಂಡಮ್ಮ ಒಳಗಿನಿಂದಲೇ, "ತವರು ಮನೇಲಿ ನಿಂತ್ಕೊಂಡು ಊರೋರ ನೀರು ಹುಯ್ಕೊಳ್ಳೋ ಗತಿ ನಂಗಿನ್ನೂ ಬಂದಿಲ್ಲ," ಎಂದಳು. ತಲೆಗೆ ಟವೆಲು ಸುತ್ತಿ ಆಚೆ ಬಂದು, ನೆಟ್ಟಗೆ ಅಮ್ಮಾಜಮ್ಮನ ಮುಖ ನೋಡಿ, "ಪಾಕದ ಮಾತಿಗೆ ನೀರು ನಿಲ್ಲಿಸಿದ್ಯಲ್ಲೇ," ಎಂದಳು. ರಾಮಾಂಜಿನಪ್ಪ ಅಡ್ಡ ಬಂದು, ಪೈಪಿಗೆ ಗಾಳಿ ಹಿಡಿದಿದೆ ಎಂದ. "ಗಾಳಿ ಸರಿಯಾಗಿ ನನ್ನ ತಲೆ ನೋಡ್ಕೊಂಡೇ ಹಿಡೀಬೇಕಾ?" ಎಂದು ಕೇಳಿ, ಅದೇ ತಲೆಯಲ್ಲಿ ಎರಡು ಬಸ್ಸು ಬದಲಾಯಿಸಿ ಮಂಡಿಕಲ್ಲಿಗೆ ಹೋದಳು. ಮಂಡಿಕಲ್ಲು ಮುಟ್ಟುವ ಹೊತ್ತಿಗೆ ಸೀಗೆಪುಡಿ ಒಣಗಿ ಗಟ್ಟಿಯಾಗಿತ್ತು ಎಂದು ಕಂಡವರು ಹೇಳಿದರು.

ನೀರು ನಿಲ್ಲಿಸಿದ್ದು ರಾಮಾಂಜಿನಪ್ಪ.

ಬೇಕೆಂದು ಅಲ್ಲ. ಬೋರ್‌ವೆಲ್ ನೀರು ತೋಟದ ಅಂಚಿನಲ್ಲಿ ಕವಲಾಗುತ್ತಿತ್ತು, ಒಂದು ಕವಲು ಮನೆಯ ಟ್ಯಾಂಕಿಗೆ, ಇನ್ನೊಂದು ಹಿಪ್ಪುನೇರಳೆ ಗಿಡಕ್ಕೆ. ಅವತ್ತು ಬೆಳಗ್ಗೆ ಆರಕ್ಕೆ ತ್ರೀ ಫೇಸ್ ಕರೆಂಟು ಬಂತು. ರೇಷ್ಮೆಹುಳ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಿದ್ದವು, ಸೊಪ್ಪು ಬೇಕಿತ್ತು. ಅವನು ಹೋಗಿ ಮನೆ ಕಡೆಯ ವಾಲ್ವ್ ಮುಚ್ಚಿ ನೀರೆಲ್ಲ ತೋಟಕ್ಕೆ ಬಿಟ್ಟ. ಟ್ಯಾಂಕಿನಲ್ಲಿ ಅರ್ಧವಿದೆ, ಸಾಕು ಅಂದುಕೊಂಡ. ಅಲ್ಲೇ ಹೊತ್ತು ಹೋಯಿತು. ವಾಪಸು ಬಂದಾಗ ಅಂಗಳದಲ್ಲಿ ಅಕ್ಕ ಟವೆಲು ಸುತ್ತಿಕೊಂಡು ನಿಂತಿದ್ದಳು. ಗಾಳಿಯ ಮಾತು ಬಾಯಿಗೆ ಬಂತು, ಆಡಿಬಿಟ್ಟ. ಇವತ್ತು ಹೇಳುವುದು ಕಷ್ಟ, ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಗೆ ಇನ್ನೂ ಕಷ್ಟವಾಯಿತು. ದಿನಾ ಬೆಳಗ್ಗೆ ದೇವರ ಮುಂದೆ ಮುಕ್ಕಾಲು ಗಂಟೆ ಕೂರುವವನು ಅವನು. ಆ ಮುಕ್ಕಾಲು ಗಂಟೆಯಲ್ಲಿ ಈ ವಿಷಯ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ದೇವರಿಗೆ ಹೇಳುತ್ತಿದ್ದ.

ಫೋನು ಬಂದ ಮಾರನೆಯ ದಿನ ಶಿಡ್ಲಘಟ್ಟದಿಂದ ಖಾಜಾ ಪೀರ್ ಬಂದ. ಮೊದಲು ರೇಷ್ಮೆ ಬಿಚ್ಚುವ ಕಾರ್ಖಾನೆಗಳಲ್ಲಿ ಬಾಯ್ಲರಿನ ಪೈಪು ನೋಡಿಕೊಳ್ಳುತ್ತಿದ್ದವನು, ಈಗ ಮನೆಗಳ ನಲ್ಲಿ ಕೆಲಸ ಮಾಡುತ್ತಿದ್ದ. ಬಂದವನು ಏನನ್ನೂ ಮುಟ್ಟಲಿಲ್ಲ. ಟೀ ಕುಡಿದು, ಇಡೀ ಮನೆಯ ಸುತ್ತ ಗೋಡೆಗೆ ಕಿವಿ ಇಟ್ಟುಕೊಂಡು ಓಡಾಡಿ, ಮಧ್ಯಾಹ್ನಕ್ಕೆ ಇದ್ದಿಲಿನಲ್ಲಿ ಹಿತ್ತಲ ಗೋಡೆಯ ಮೇಲೆ ಒಂದು ನಕ್ಷೆ ಬರೆದ.

"ಮನೇಲಿ ಐದು ವಾಲ್ವ್ ಇದಾವೆ ಯಜಮಾನ್ರೇ. ಯಾವುದು ಯಾವುದಕ್ಕೆ ಅಂತ ಗೊತ್ತಾ?"

"ಒಂದು ನಮ್ಮಪ್ಪ ಹಾಕ್ಸಿದ್ದು."

"ಅದು ಯಾವುದಕ್ಕೂ ಸೇರಿಲ್ಲ. ಬರೀ ಗೋಡೆಗೆ ಹಾಕಿದಾರೆ."

"ಅಪ್ಪ ಯಾಕೆ ಹಾಕ್ಸಿದ್ರೋ, ಇರಲಿ ಬಿಡು."

ಖಾಜಾ ಪೀರ್ ಮಿಕ್ಕ ನಾಲ್ಕಕ್ಕೂ ಒಂದೊಂದಾಗಿ ಪಾನಾ ಹಾಕಿ ಜೋತುಬಿದ್ದ. ಒಂದೂ ಕದಲಲಿಲ್ಲ. ಹಣೆ ಒರೆಸಿಕೊಂಡು, "ಆ ಸೀಗೆಪುಡಿ ಕಥೆ ನಮ್ಮ ಶಿಡ್ಲಘಟ್ಟದಲ್ಲೂ ಹೇಳ್ತಾರೆ. ಅಮ್ಮನವರು ವಾಲ್ವ್ ಮುಚ್ಚಿದ್ರು ಅಂತ," ಎಂದ.

"ಹೇಳ್ತಾರೆ."

"ಇವು ತುಕ್ಕು ಹಿಡಿದು ಹದಿನೈದು ವರ್ಷ ಆಗಿದೆ. ಎರಡು ಪಾನಾ ಹಾಕಿದ್ರೂ ನನ್ನ ಕೈಲೇ ತಿರುಗ್ತಾ ಇಲ್ಲ. ತಿರುಗೋದು ಒಂದೇ, ತೋಟದ ಹತ್ರ ಇರೋದು. ಅದು ಬೆಣ್ಣೇಲಿ ತಿರುಗಿದಂಗೆ ತಿರುಗುತ್ತೆ. ದಿನಾ ಯಾರೋ ತಿರುಗಿಸ್ತಾರೆ."

ರಾಮಾಂಜಿನಪ್ಪ ನಕ್ಷೆಯನ್ನೇ ನೋಡುತ್ತ ನಿಂತ. ಆಮೇಲೆ, "ಖಾಜಾ ಪೀರ್, ಈ ಮಾತು ನಿನ್ನಲ್ಲೇ ಇರಲಪ್ಪ. ಯಾರು ಕೇಳಿದ್ರೂ ಹೇಳ್ಬೇಡ. ನಾನೇ ಕೇಳಿದ್ರೂ ಹೇಳ್ಬೇಡ," ಎಂದ.

"ಆಯ್ತು ಯಜಮಾನ್ರೇ. ಈಗೇನು ಮಾಡಣ?"

"ಎಲ್ಲಾನೂ ಕಿತ್ತಾಕು. ಎಲ್ಲಾ ಹೊಸದು."

"ಒಂದು ಮಾತು ಹೇಳಿದ್ರೆ ಮುಗಿಯೋದಕ್ಕೆ ಮುನ್ನೂರು ಅಡಿ ಪೈಪಾ?"

"ಮುನ್ನೂರು ಸಾಕಾಗುತ್ತಾ?" ಎಂದು ರಾಮಾಂಜಿನಪ್ಪ ಕೇಳಿದ.

ಕೆಲಸ ಇಪ್ಪತ್ತು ದಿನ ನಡೆಯಿತು. ಬೋರ್‌ವೆಲ್‌ನಿಂದ ಮನೆಗೇ ಬೇರೆ ಲೈನು ಬಂತು, ತೋಟಕ್ಕೆ ಬೇರೆಯದು. ಮಾಳಿಗೆಯ ಮೇಲೆ ಹಳೆಯ ಟ್ಯಾಂಕಿನ ಪಕ್ಕ ಅದರ ಎರಡರಷ್ಟು ದೊಡ್ಡದು ಕೂತಿತು. ಬಚ್ಚಲಿಗೆ ಗೀಸರ್, ಎರಡು ನಲ್ಲಿ, ಒಂದು ಶವರ್. ಶವರಿಗೆ ನೀರು ಬಾರದಿದ್ದರೆ ನಲ್ಲಿ, ನಲ್ಲಿಗೆ ಬಾರದಿದ್ದರೆ ಹಂಡೆ, ಹಂಡೆಯೂ ಬರಿದಾದರೆ ಬಾಗಿಲ ಪಕ್ಕದಲ್ಲಿ ನಾಲ್ಕು ಡ್ರಮ್ಮು. ಕಿತ್ತ ವಾಲ್ವ್‌ಗಳನ್ನು, ತೋಟದ್ದೂ ಸೇರಿಸಿ, ಹಳೇ ಕಬ್ಬಿಣದವನು ಗಾಡಿಗೆ ಹಾಕಿಕೊಂಡು ಹೋದ. ಹಿತ್ತಲ ಗೋಡೆಗೆ ಸುಣ್ಣ ಬಳಿಯುವಾಗ ಇದ್ದಿಲಿನ ನಕ್ಷೆಯೂ ಅಳಿಯಿತು.

ಕೆಲಸ ಮುಗಿದ ದಿನ ಪರೀಕ್ಷೆ ಇಟ್ಟರು. ಅಮ್ಮಾಜಮ್ಮ ಅಡುಗೆಮನೆ ನಲ್ಲಿಯ ಹತ್ತಿರ, ಮುನಿಗಂಗಪ್ಪ ಅಂಗಳದ ನಲ್ಲಿಯ ಹತ್ತಿರ, ಖಾಜಾ ಪೀರ್ ಮಾಳಿಗೆಯ ಮೇಲೆ. ರಾಮಾಂಜಿನಪ್ಪ ಬಚ್ಚಲಿನಲ್ಲಿ ತಲೆಗೆ ಸೀಗೆಪುಡಿ ಹಾಕಿಕೊಂಡು ಕೂತು, "ಬಿಡ್ರೀ!" ಎಂದು ಕೂಗಿದ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿದರು. ಶವರಿನ ನೀರು ಸಣ್ಣಗಾಗಲಿಲ್ಲ. ಸಮಾಧಾನವಾಗದೆ ಮಧ್ಯಾಹ್ನ ಇನ್ನೊಮ್ಮೆ, ಸಂಜೆ ಮತ್ತೊಮ್ಮೆ ಮಿಂದು, ಆಮೇಲೆ ಅಕ್ಕನಿಗೆ ಫೋನು ಮಾಡಿ ನೀರಿದೆ ಬಾ ಎಂದ.

"ಏನ್ರೀ ಇದು, ಇರೋ ನಾಲ್ಕು ಕೂದ್ಲಿಗೆ ಮೂರು ಸಲ ಸೀಗೆಪುಡಿ?" ಎಂದಳು ಅಮ್ಮಾಜಮ್ಮ.

"ಅಕ್ಕ ಬರ್ತಾಳಲ್ಲ."

"ಅವರ ಸ್ನಾನಾನೂ ನೀವೇ ಮಾಡಿ ಮುಗಿಸ್ತೀರಾ?"

ನೋಮಿಗೆ ಎರಡು ದಿನವಿತ್ತು. ಮಧ್ಯಾಹ್ನ ಅಮ್ಮಾಜಮ್ಮ ಕಜ್ಜಾಯಕ್ಕೆ ನೆನೆಸಿದ ಅಕ್ಕಿಯನ್ನು ಬಟ್ಟೆಯ ಮೇಲೆ ಹರವುತ್ತ, "ರೀ, ಒಂದು ಯೋಚ್ನೆ ಮಾಡಿದೀನಿ," ಎಂದಳು. "ಅತ್ತಿಗೆ ಬಂದ ತಕ್ಷಣ ಕಾಲಿಗೆ ಬಿದ್ದು, ನಾನೇ ನೀರು ನಿಲ್ಲಿಸಿದ್ದು ಅಂತ ಒಪ್ಕೊಂಡ್ಬಿಡ್ತೀನಿ."

"ನೀನು ನಿಲ್ಲಿಸ್ಲಿಲ್ವಲ್ಲ?"

"ನಿಲ್ಲಿಸ್ಲಿಲ್ಲ ಅಂತ್ಲೇ ಅಂದ್ಕೊಂಡಿದ್ದೆ. ಆರು ವರ್ಷ ಎಲ್ಲರ ಬಾಯಲ್ಲೂ ಕೇಳಿ ಕೇಳಿ, ಈಗ ನಂಗೇ ಗ್ಯಾಪಕ ಬಂದಂಗಾಗ್ತದೆ. ಈ ಕೈ ಹಿಂಗೆ ತಿರುಗಿಸ್ದಂಗೆ."

ಅವಳು ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದಳು. ತೋರಿಸಿದ್ದು ನೀರು ಬಿಡುವ ದಿಕ್ಕಿಗೆ. ವಾಲ್ವ್ ಯಾವ ಕಡೆ ತಿರುಗಿದರೆ ಮುಚ್ಚುತ್ತದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ರಾಮಾಂಜಿನಪ್ಪ ಈಗ ಹೇಳಬೇಕು ಎಂದು ಬಾಯಿ ತೆರೆದ.

"ಗೀಸರ್‌ಗೆ ಇನ್ನೊಂದು ಸ್ವಿಚ್ ಹಾಕ್ಸಿದ್ರೆ ಒಳ್ಳೇದೇನೋ," ಎಂದ.

ನೋಮಿನ ದಿನ ಬೆಳಗ್ಗೆ ಹತ್ತು ಗಂಟೆಗೆ ಕೊಂಡಮ್ಮ ಬಸ್ಸಿಳಿದು ಬಂದಳು. ರಾಮಾಂಜಿನಪ್ಪ ಮುಂಜಾನೆ ನಾಲ್ಕಕ್ಕೇ ಎದ್ದು ಗೀಸರ್ ಹಾಕಿ, ಹಂಡೆಗೂ ಉರಿ ಹಚ್ಚಿ, ಹೊಸ ಟವೆಲು ನೇತುಹಾಕಿ ಕಾಯುತ್ತಿದ್ದ. ಅಕ್ಕನ ಕೈಚೀಲ ತೆಗೆದುಕೊಂಡು, ಕುಶಲವನ್ನೂ ಕೇಳದೆ, "ನೀರು ಕಾದಿದೆ ಅಕ್ಕಯ್ಯ. ಬಾ, ಎಣ್ಣೆ ಹಚ್ಕೊ," ಎಂದ.

"ತಲೆಗೆ ಹುಯ್ಕೊಂಡೇ ಬಂದಿದೀನಿ," ಎಂದಳು ಕೊಂಡಮ್ಮ. ಒಣಗಿದ ಕೂದಲನ್ನು ಗಂಟು ಹಾಕಿದ್ದಳು. "ಒಂದು ಸಲ ಆದದ್ದು ಸಾಕು. ಮನೇಲೇ ಮೂರು ಗಂಟೆಗೆ ಎದ್ದು ಮುಗಿಸ್ಕೊಂಡೆ."

ರಾಮಾಂಜಿನಪ್ಪ ಬಚ್ಚಲಿನ ಬಾಗಿಲು ನೋಡಿದ. ಮಾಳಿಗೆಯ ಮೇಲೆ ದೊಡ್ಡ ಟ್ಯಾಂಕು ತುಂಬಿ ಹೊರಚೆಲ್ಲುವ ಸದ್ದು ಕೇಳುತ್ತಿತ್ತು.

"ಕಾಲಾದ್ರೂ ತೊಳ್ಕೊ," ಎಂದ.

ಕೊಂಡಮ್ಮ ಅಂಗಳದ ನಲ್ಲಿಯಲ್ಲಿ ಕಾಲು ತೊಳೆದು ಜಗಲಿಯ ಮೇಲೆ ಕೂತಳು. ಅಷ್ಟರಲ್ಲಿ ಅಮ್ಮಾಜಮ್ಮ ಒಳಗಿನಿಂದ ಬಂದವಳು, ಹೇಳಿದ್ದಂತೆಯೇ ದಡಕ್ಕನೆ ಕಾಲಿಗೆ ಬಿದ್ದಳು. "ಅತ್ತಿಗೆ, ಅವತ್ತು ನೀರು ನಿಲ್ಲಿಸಿದ್ದು..."

"ನಾನು!" ಎಂದ ರಾಮಾಂಜಿನಪ್ಪ. ಆರು ವರ್ಷ ಒಳಗಿದ್ದ ಮಾತು ಎಷ್ಟು ಜೋರಾಗಿ ಬಂತೆಂದರೆ ಅವನೇ ಹೆದರಿದ. "ನಾನು ಅಕ್ಕಯ್ಯ. ತೋಟದ ವಾಲ್ವ್ ತಿರುಗಿಸಿ ಮರೆತುಬಿಟ್ಟೆ. ಗಾಳಿ ಹಿಡಿದಿತ್ತು ಅಂದಿದ್ದು ಸುಳ್ಳು."

ಕೊಂಡಮ್ಮ ತಮ್ಮನನ್ನು ನೋಡಿದಳು, ಕಾಲ ಬಳಿ ಇದ್ದ ನಾದಿನಿಯನ್ನು ನೋಡಿದಳು. ಅವಳ ಮುಖ ನಿಧಾನಕ್ಕೆ ಸಡಿಲವಾಗಿ, ನಗು ಬಂತು.

"ಏಳಮ್ಮಾಜಿ, ಏಳು. ನೋಡು ನಿನ್ನ ಗಂಡನ್ನ. ನಿನ್ನ ತಪ್ಪು ತನ್ನ ತಲೆ ಮೇಲೆ ಹಾಕ್ಕೊಳ್ತಾ ಇದಾನೆ. ನಮ್ಮಪ್ಪನೂ ಹಿಂಗೇ. ಅಮ್ಮ ಗಡಿಗೆ ಒಡೆದ್ರೆ ನಾನೇ ಒಡೆದೆ ಅನ್ನೋರು."

"ಅಕ್ಕಯ್ಯ, ನಿಜವಾಗ್ಲೂ ನಾನೇ..."

"ಸುಮ್ನಿರಪ್ಪ. ಗೊತ್ತಾಯ್ತು. ಅವಳು ಒಪ್ಕೊಂಡ್ಳು, ನನ್ನ ಮನಸ್ಸು ತಣ್ಣಗಾಯ್ತು. ಇನ್ನೇನು?"

ಅಪ್ಪಟ ಕನ್ನಡ. ಅಮ್ಮಾಜಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಗಂಡನ ಕಡೆ ನೋಡಿದ ನೋಟವನ್ನು ಅವನು ಮದುವೆಯಾದ ಹೊಸದರಲ್ಲೂ ಕಂಡಿರಲಿಲ್ಲ. ಹೇಗಾದರೂ ನಂಬಿಸಬೇಕಿತ್ತು. ಸಾಕ್ಷಿ ಹೇಳಲು ಇದ್ದದ್ದು ತುಕ್ಕು ಹಿಡಿದ ವಾಲ್ವ್‌ಗಳು. ಅವು ಯಾವ ಊರಿನ ಗುಜರಿಯಲ್ಲಿ ಕರಗಿದ್ದವೋ. ಖಾಜಾ ಪೀರ್‌ಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಖಾಜಾ ಪೀರ್, ಆ ತೋಟದ ವಾಲ್ವ್ ವಿಷ್ಯ ಹೇಳಪ್ಪ ನಮ್ಮಕ್ಕನಿಗೆ."

"ಯಾವ ವಾಲ್ವ್ ಯಜಮಾನ್ರೇ? ನಂಗೇನೂ ಗೊತ್ತಿಲ್ಲ."

"ಈಗ ಹೇಳ್ಬಹುದು ಕಣಪ್ಪ. ನಾನೇ ಹೇಳ್ತಿದೀನಿ."

"ನೀವು ಕೇಳಿದ್ರೂ ನಂಗೆ ಗೊತ್ತಿಲ್ಲ. ನೀರು ಚೆನ್ನಾಗಿ ಬರ್ತಿದೆಯಾ?"

"ಬರ್ತಿದೆ."

"ಅಲ್ಹಮ್ದುಲಿಲ್ಲಾ," ಎಂದು ಖಾಜಾ ಪೀರ್ ಫೋನು ಇಟ್ಟ. ಕೊಟ್ಟ ಮಾತಿಗೆ ತಪ್ಪದವನು.

"ಪಾಪ, ಆ ಸಾಬರ ಕೈಲೂ ಸುಳ್ಳು ಹೇಳ್ಸೋಕೆ ನೋಡ್ದ," ಎಂದು ಕೊಂಡಮ್ಮ ಮೆಚ್ಚಿಕೊಂಡಳು.

ಹಗಲೆಲ್ಲ ಮನೆಯಲ್ಲಿ ಹಬ್ಬವಿತ್ತು. ನಾದಿನಿ ಅತ್ತಿಗೆ ಒಂದೇ ಮಣೆಯ ಮೇಲೆ ಕೂತು ಹೂವು ಕಟ್ಟಿದರು. ರಾಮಾಂಜಿನಪ್ಪ ಕಂಬಕ್ಕೆ ಒರಗಿ ಯೋಚಿಸಿದ. ತಾನು ಹೇಳಬೇಕಾದ್ದನ್ನು ಹೇಳಿದ್ದಾಯಿತು. ನಂಬದಿದ್ದರೆ ತಾನೇನು ಮಾಡಲಿ? ಜಗಳ ಮುಗಿದಿದೆ, ಅಕ್ಕ ಬಂದಿದ್ದಾಳೆ, ಹೆಂಡತಿ ನಗುತ್ತಿದ್ದಾಳೆ. ಮನೆಯಲ್ಲಿ ಎಲ್ಲರಿಗೂ ಬೇಕಾದದ್ದು ಸಿಕ್ಕಿತ್ತು. ಸುಮ್ಮನಿದ್ದರಾಯಿತು. ಸುಮ್ಮನಿರುವುದು ಅವನಿಗೆ ಆರು ವರ್ಷದಿಂದ ರೂಢಿಯಿತ್ತು.

ದೀಪ ಹಚ್ಚುವ ಹೊತ್ತಿಗೆ ಕಲಶ ಕೂತಿತು. ಊರಿಗೆಲ್ಲ ನೋಮಿನ ಕಥೆ ಓದುವ ವೆಂಕಟರವಣಪ್ಪ ಕನ್ನಡಕ ಹಾಕಿಕೊಂಡು ಕಥೆ ಓದಿ ಮುಗಿಸಿದ. ಆ ಮನೆಯಲ್ಲಿ ಒಂದು ಪದ್ಧತಿ. ದಾರ ಕಟ್ಟಿಸಿಕೊಳ್ಳುವ ಮೊದಲು ಒಬ್ಬೊಬ್ಬರೂ ಕಲಶದ ಮುಂದೆ ಬಂದು, ವರ್ಷದಲ್ಲಿ ಆದ ತಪ್ಪು ಒಪ್ಪಿಸಬೇಕು. ಎಲ್ಲರೂ ತುಟಿಯೊಳಗೇ ಒಪ್ಪಿಸಿ ಏಳುವುದು ವಾಡಿಕೆ. ಕೊಂಡಮ್ಮ ಏನೋ ಗೊಣಗಿ ಎದ್ದಳು. ಆಮೇಲೆ ಅಮ್ಮಾಜಮ್ಮ ಕೂತಳು. ಹೃದಯ ತುಂಬಿಬಂದಿತ್ತೇನೋ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಸ್ವಾಮಿ, ಅತ್ತಿಗೆಗೆ ನೀರು ನಿಲ್ಲಿಸಿದ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಪ್ಪ."

ಜಗಲಿಯ ಮೇಲೆ ಅಕ್ಕನ ಮುಂದೆ ಆಡಿದ ಮಾತು ಒಂದು, ದೇವರ ಮುಂದೆ ಆಡಿದ್ದು ಇನ್ನೊಂದು. ರಾಮಾಂಜಿನಪ್ಪ ತನ್ನ ಸರದಿಗೂ ಕಾಯದೆ ಹೆಂಡತಿಯ ಪಕ್ಕದಲ್ಲಿ ಕುಕ್ಕರಿಸಿ ಕೂತ.

"ಸ್ವಾಮಿ, ಇವಳು ಹೇಳಿದ್ದು ಸುಳ್ಳು. ಇವಳಿಗೆ ಹಾಕ್ಬೇಡ. ನಿಲ್ಲಿಸಿದ್ದು ನಾನು."

"ಮತ್ತೆ ಶುರು ಮಾಡ್ದ," ಎಂದಳು ಕೊಂಡಮ್ಮ ನಗುತ್ತ.

ರಾಮಾಂಜಿನಪ್ಪ ತಿರುಗಿ ನೋಡಲಿಲ್ಲ. ಕಲಶಕ್ಕೇ ಹೇಳಿದ. "ಬೆಳಗ್ಗೆ ಆರಕ್ಕೆ ಕರೆಂಟು ಬಂತು. ಹುಳಕ್ಕೆ ಸೊಪ್ಪು ಬೇಕು ಅಂತ ತೋಟಕ್ಕೆ ನೀರು ಬಿಟ್ಟೆ. ಹತ್ತು ನಿಮಿಷಕ್ಕೆ ವಾಲ್ವ್ ತಿರುಗಿಸಿ ಬರೋನಿದ್ದೆ. ಬರ್ಲಿಲ್ಲ." ಅಲ್ಲಿಗೆ ನಿಂತ. ಆರು ವರ್ಷ ಅವನ ಬಾಯಿ ಕಟ್ಟಿದ್ದು ವಾಲ್ವ್ ಅಲ್ಲ, ಅದರ ಮುಂದಿನದು. "ಬದುವಿನ ಮೇಲೆ ಸೀಬೆಗಿಡ ಇತ್ತು. ಹಣ್ಣಾಗಿದ್ವು. ನೋಮಿನ ದಿನ ಅಂತ ಗೊತ್ತಿತ್ತು, ಉಪವಾಸ ಅಂತಾನೂ ಗೊತ್ತಿತ್ತು. ಒಂದು ತಿಂದೆ. ಆಮೇಲೆ ಕೂತ್ಕೊಂಡೇ ತಿಂದೆ. ಏಳು."

ವೆಂಕಟರವಣಪ್ಪ ಕನ್ನಡಕ ತೆಗೆದ.

"ಏಳಾ?" ಎಂದ.

"ಏಳು. ಸಂಜೆ ಏನೂ ಆಗ್ದೋನಂಗೆ ಬಂದು ದಾರ ಕಟ್ಟಿಸ್ಕೊಂಡೆ."

ಗಂಡನಾದವನು ಹೆಂಡತಿಗಾಗಿ ವಾಲ್ವ್‌ನ ಸುಳ್ಳು ಹೇಳಬಹುದು. ಆದರೆ ಹೆಂಡತಿಯನ್ನು ಉಳಿಸಲು ಯಾರೂ ಕೇದಾರೇಶ್ವರನ ಮುಂದೆ ಏಳು ಸೀಬೆಹಣ್ಣು ತಿಂದೆ ಎನ್ನುವುದಿಲ್ಲ. ಅದು ಕೊಂಡಮ್ಮನಿಗೂ ಹೊಳೆಯಿತು, ಅಮ್ಮಾಜಮ್ಮನಿಗೂ ಹೊಳೆಯಿತು. ಇಬ್ಬರ ಮುಖದಲ್ಲಿಯೂ ನಗು ಒಟ್ಟಿಗೇ ಆರಿತು.

"ನೋಮು ರೋಜು ಜಾಮಕಾಯಲು ತಿಂಟಿವಾರಾ?" ಎಂದಳು ಕೊಂಡಮ್ಮ. ನೋಮಿನ ದಿನ ಸೀಬೆಕಾಯಿ ತಿಂದೆಯೇನೋ? ತೆಲುಗು ವಾಪಸು ಬಂದಿತ್ತು. ಈ ಸಲ ಸರಿಯಾದವನ ಕಡೆಗೇ ತಿರುಗಿತ್ತು.

ಅಮ್ಮಾಜಮ್ಮ ಕಲಶದ ಮುಂದಿನಿಂದ ಎದ್ದು ನಿಂತಳು. ಗಂಡನನ್ನೇ ನೋಡಿದಳು. "ನನ್ನ ಕೈ ತಿರುಗಿಸ್ದಂಗೆ ಗ್ಯಾಪಕ ಬರ್ತದೆ ಅಂತ ಹೇಳ್ದಾಗ್ಲೂ ನೀವು ಗೀಸರ್ ಮಾತಾಡಿದ್ರಿ," ಎಂದಳು.

"ಹೂಂ."

"ಆರು ವರ್ಷ."

"ಹೂಂ."

ದಾರ ಕಟ್ಟಬಹುದೋ ಬಾರದೋ ಎಂದು ಎಲ್ಲರೂ ವೆಂಕಟರವಣಪ್ಪನ ಮುಖ ನೋಡಿದರು. ಅವನು ಪುಸ್ತಕ ತಿರುವಿ ಹಾಕಿದ. ಸೀಬೆಹಣ್ಣಿನ ವಿಷಯ ಪುಸ್ತಕದಲ್ಲಿರಲಿಲ್ಲ. "ಒಪ್ಪಿಸ್ಕೊಂಡಿದಾನೆ. ಕಟ್ಟಿ. ಮಿಕ್ಕಿದ್ದು ಸ್ವಾಮಿ ನೋಡ್ಕೊಳ್ತಾನೆ," ಎಂದ. ಕೊಂಡಮ್ಮ ದಾರ ತೆಗೆದುಕೊಂಡು ತಮ್ಮನ ಕೈಗೆ ಕಟ್ಟಿದಳು. ಬೆರಳು ತಣ್ಣಗಾಗುವಷ್ಟು ಬಿಗಿಯಾಗಿ ಕಟ್ಟಿದಳು.

ಊಟಕ್ಕೆ ಎಲೆ ಹಾಕಿದರು. ಅವನ ಎಲೆಗೆ ಎಲ್ಲರಿಗಿಂತ ಕೊನೆಯಲ್ಲಿ ಅನ್ನ ಬಂತು. ಹೆಂಗಸರಿಬ್ಬರೂ ಅಡುಗೆಮನೆಯಲ್ಲಿ ಕೂತು ಉಂಡರು. ಮೊದಲು ತಗ್ಗಿದ ದನಿಯಲ್ಲಿ, ಆಮೇಲೆ ಬಾಗಿಲು ತೆರೆದುಕೊಂಡೇ, ಅವನು ಚಿಕ್ಕಂದಿನಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ತೆಗೆದರು. ಅಕ್ಕನಿಗೆ ಗೊತ್ತಿದ್ದದ್ದು ಹೆಂಡತಿಗೆ ಗೊತ್ತಿರಲಿಲ್ಲ, ಹೆಂಡತಿಗೆ ಗೊತ್ತಿದ್ದದ್ದು ಅಕ್ಕನಿಗೆ ಗೊತ್ತಿರಲಿಲ್ಲ. ಮಾತಿಗೆ ಬರವಿರಲಿಲ್ಲ. ರಾಮಾಂಜಿನಪ್ಪ ಪಡಸಾಲೆಯಲ್ಲಿ ಕೂತು ಕೇಳಿದ. ಅವನ ಮನಸ್ಸು ಯಾವ ಪೂಜೆಯ ಮುಂದೆಯೂ ಅಷ್ಟು ಸುಮ್ಮನೆ ಕೂತಿರಲಿಲ್ಲ.

ಮಾರನೆಯ ಬೆಳಗ್ಗೆ ಕೊಂಡಮ್ಮನ ಕೈಚೀಲದ ಪಕ್ಕದಲ್ಲಿ ಇನ್ನೊಂದು ಕೈಚೀಲ ಇತ್ತು. ಅಮ್ಮಾಜಮ್ಮ ಹೊಸ ಸೀರೆ ಉಟ್ಟಿದ್ದಳು.

"ಅತ್ತಿಗೆ ಕರೀತಿದಾರೆ. ನಾನೂ ಮಂಡಿಕಲ್ಲಿಗೆ ಹೋಗ್ಬರ್ತೀನಿ," ಎಂದಳು.

"ಎಷ್ಟು ದಿನ?"

"ಅತ್ತಿಗೆ ಹೇಳಿದಷ್ಟು ದಿನ."

ರಾಮಾಂಜಿನಪ್ಪ ಅಕ್ಕನ ಕಡೆ ನೋಡಿದ. ಕೊಂಡಮ್ಮ ಚಪ್ಪಲಿ ಮೆಟ್ಟಿಕೊಂಡಳು.

"ಹುಳ ಮೂರನೇ ಜ್ವರ ಎದ್ದಿದಾವೆ. ಸೊಪ್ಪು ಹಾಕೋರ್ಯಾರು?" ಎಂದ.

"ನೀವಿದೀರಲ್ಲ," ಎಂದಳು ಅಮ್ಮಾಜಮ್ಮ.

ಅದೂ ನಿಜವೇ. ಅವನು ಎರಡೂ ಕೈಚೀಲ ಎತ್ತಿಕೊಂಡು ಬಸ್ಸು ನಿಲ್ಲುವ ಕಡೆಗೆ ಅವರ ಹಿಂದೆ ನಡೆದ.